ಮಸ್ಕಿಯ ಬಂಡೆ ಮತ್ತು ಪ್ರೈವೇಟ್ ಸಾರಿ

ಮಸ್ಕಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಿರೋದು ಹೈಸ್ಕೂಲಿನ ಒಂದು ಅಂಕದ ಪ್ರಶ್ನೆ. ಅಶೋಕನ ಹೆಸರು ಮೊದಲು ಸಿಕ್ಕ ಶಾಸನ ಯಾವುದು? ಉತ್ತರ ಬರೆದೆವು, ಅಂಕ ತಗೊಂಡೆವು, ಮರೆತೆವು. ಸಿಂಧನೂರಿನಲ್ಲಿ ಗೆಳೆಯನೊಬ್ಬನ ಮದುವೆ ಮುಗಿಸಿ, ಬೆಂಗಳೂರಿನ ಬಸ್ಸಿಗೆ ರಾತ್ರಿವರೆಗೂ ಟೈಮ್ ಇತ್ತು ಅನ್ನೋ ಒಂದೇ ಕಾರಣಕ್ಕೆ ನಾನು, ನನ್ನ ಟೀಮಿನ ಇನ್ನೊಬ್ಬ ಹುಡುಗ ಅಲ್ಲಿಗೆ ಹೋದೆವು.

ಸಿಂಧನೂರು ಬಿಡುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಕಣ್ಣಿಗೆ ಬೀಳೋದೆಲ್ಲ ಭತ್ತ. ಲಿಂಗಸುಗೂರಿನ ದಿಕ್ಕಿಗೆ ಹೋದಂತೆ ಹಸಿರು ಕಮ್ಮಿಯಾಗಿ, ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಊರಿನ ಜನಕ್ಕೆ ಗುಡ್ಡ ಅಂದ್ರೆ ಮೊದಲು ಮಲ್ಲಿಕಾರ್ಜುನ, ಆಮೇಲೆ ಅಶೋಕ. ಶಾಸನ ಇರೋದು ಒಂದು ದೊಡ್ಡ ಬಂಡೆಯ ಮೇಲೆ. ಕೆಲವೇ ಸಾಲು, ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಅಲ್ಲಲ್ಲಿ ಅಳಿಸಿಹೋಗಿದೆ. ಫೋಟೋದಲ್ಲಿ ಏನೂ ಕಾಣಲ್ಲ, ರೀಲ್ಸ್‌ಗಂತೂ ದಂಡ.

ಇದನ್ನ 1915ರಲ್ಲಿ ಪತ್ತೆ ಮಾಡಿದ್ದು ಇತಿಹಾಸಕಾರ ಅಲ್ಲ, ನಮ್ಮ ಹಾಗೆ ಒಬ್ಬ ಇಂಜಿನಿಯರ್. ನಿಜಾಮರ ಸರ್ಕಾರದಲ್ಲಿದ್ದ ಗಣಿ ಇಂಜಿನಿಯರ್ ಸಿ. ಬೀಡನ್. ಈ ಸೀಮೆಯಲ್ಲಿ ಚಿನ್ನ ಇದೆ, ಹಟ್ಟಿ ಗಣಿ ಇರೋದು ಪಕ್ಕದ ಲಿಂಗಸುಗೂರು ತಾಲೂಕಿನಲ್ಲೇ. ಅದಕ್ಕೂ ಮುಂಚೆ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿ ಓದಿದಾಗ ದೇಶದ ತುಂಬ ಇದ್ದ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳು ಮಾತ್ರ. ಅಂದ್ರೆ ಬರೀ ಯೂಸರ್‌ನೇಮ್. ಸಿಂಹಳದ ಗ್ರಂಥಗಳನ್ನು ಹೋಲಿಸಿ ಇವನು ಅಶೋಕ ಅಂತ ತರ್ಕ ಮಾಡಿದ್ದರು. ಮಸ್ಕಿಯ ಬಂಡೆ ಮೇಲೆ ‘ಅಸೋಕಸ’ ಅಂತ ನೇರವಾಗಿ ಇತ್ತು. ಅಕೌಂಟ್ ವೆರಿಫೈ ಆಯಿತು. ಆಮೇಲೆ ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳದಲ್ಲೂ, ಮಧ್ಯಪ್ರದೇಶದ ಗುಜರಾದಲ್ಲೂ ಹೆಸರು ಸಿಕ್ಕಿದೆ.

ಕೆಳಗಿಳಿದು ಬಂದು ಒಗ್ಗರಣಿ-ಮಿರ್ಚಿ ತಿನ್ನುತ್ತಾ ಕೂತಾಗ, ಪಕ್ಕದ ಬೆಂಚಿನ ಹಿರಿಯರು ಕೇಳಿದರು, ‘ಕಲ್ಲು ನೋಡಿ ಬಂದ್ರೇನ್ ತಮ್ಮಾ?’ ಹೌದ್ರಿ ಅಂದ್ವಿ. ‘ಯುದ್ಧ ಮಾಡಿ ಮಂದೀನ ಸಾಯಿಸಿ ಆಮ್ಯಾಲೆ ತಪ್ಪಾತು ಅಂದಾನ ನೋಡ್ರಿ, ಅದಾ ಕಲ್ಲು ಅದು.’

ನಾನೂ ಹಾಗೇ ಅಂದ್ಕೊಂಡು ಬಂದವನೇ. ಆದರೆ ಮಸ್ಕಿಯ ಕಲ್ಲಿನಲ್ಲಿ ಕಳಿಂಗ ಇಲ್ಲ. ಇಲ್ಲಿ ಹೇಳಿರೋದು ಬೇರೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂತ ತಿಳೀಬೇಡಿ, ಚಿಕ್ಕವರಿಗೂ ಅದು ದಕ್ಕುತ್ತೆ, ಇಬ್ಬರಿಗೂ ಇದನ್ನ ತಿಳಿಸಿ ಅನ್ನೋ ಅರ್ಥದ ಮಾತು. ಕಳಿಂಗದ ಪಶ್ಚಾತ್ತಾಪ ಇರೋದು ಹದಿಮೂರನೇ ಬಂಡೆಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಹತರಾಗಿದ್ದು, ಅದರ ಎಷ್ಟೋ ಪಟ್ಟು ಜನ ಸತ್ತಿದ್ದು, ಎಲ್ಲ ಲೆಕ್ಕ ಅದರಲ್ಲೇ ಇದೆ. ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿ ಅದನ್ನು ಕೆತ್ತಿಸಿದ್ದಾನೆ. ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಹಾಕಿಸಿದ್ದಾನೆ. ಆದರೆ ಯಾರ ಮನೆ ಹಾಳಾಯಿತೋ ಆ ಕಳಿಂಗದಲ್ಲಿ, ಅಂದ್ರೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಆ ಶಾಸನವನ್ನೇ ಬಿಟ್ಟಿದ್ದಾನೆ! ಅಲ್ಲಿ ಅದರ ಬದಲು ಇರೋದು, ಎಲ್ಲ ಜನರೂ ನನ್ನ ಮಕ್ಕಳು, ಅಧಿಕಾರಿಗಳು ನ್ಯಾಯವಾಗಿ ನಡ್ಕೊಳ್ಳಿ ಅನ್ನೋ ಆದೇಶ. ಇನ್ನೊಂದು ವಿಷಯ, ಪಶ್ಚಾತ್ತಾಪ ಪಟ್ಟ ಅದೇ ಶಾಸನದಲ್ಲಿ ಕಾಡಿನ ಜನಕ್ಕೆ ಒಂದು ಸಣ್ಣ ವಾರ್ನಿಂಗೂ ಇದೆ. ಬೇಸರ ಪಟ್ಟಿದ್ದೀನಿ ನಿಜ, ಶಿಕ್ಷಿಸೋ ಶಕ್ತಿ ಮಾತ್ರ ಇನ್ನೂ ಇದೆ ಅಂತ.

ಇದನ್ನ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಚಹಾ ಕುಡಿದರು. ‘ಅಲ್ಲಿ ಹೋಗಿ ಹೇಳಿದ್ರ ಮಂದಿ ಸುಮ್ನ ಬಿಡ್ತಿದ್ರೇನು? ಗಾಯ ಕೆದರಿದಂಗ ಆಗ್ತಿತ್ತು ಬಿಡ್ರಿ’ ಅಂದರು. ಕೆಲವು ವಿದ್ವಾಂಸರೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದಾರೆ. ನನಗ್ಯಾಕೋ ಒಪ್ಪಿಗೆ ಆಗಲಿಲ್ಲ.

ಅದಕ್ಕೆ ಕಾರಣ ನನ್ನ ಎದುರಿಗೇ ಕೂತಿದ್ದ. ಮೂರು ವಾರದ ಹಿಂದೆ ನಮ್ಮ ಲೀಡ್ ಒಬ್ಬರು ನಲವತ್ತು ಜನ ಇದ್ದ ಕಾಲ್‌ನಲ್ಲಿ, ಸರ್ವರ್ ಡೌನ್ ಆಗಿದ್ದಕ್ಕೆ ಈ ಹುಡುಗನ ಹೆಸರು ಹೇಳಿ ಬೈದಿದ್ದರು. ಲಾಗ್ ತೆಗೆದು ನೋಡಿದರೆ ತಪ್ಪು ಇವನದ್ದಲ್ಲ. ಮರುದಿನ ಇವನಿಗೆ ಪ್ರೈವೇಟ್ ಆಗಿ ಒಂದು ಮೆಸೇಜ್: ಸಾರಿ, ಒತ್ತಡದಲ್ಲಿ ಹೇಳಿಬಿಟ್ಟೆ. ಆ ನಲವತ್ತು ಜನಕ್ಕೆ ಇವತ್ತಿಗೂ ಇವನೇ ಸರ್ವರ್ ಬೀಳಿಸಿದವನು. ಅಪ್ರೈಸಲ್ ಬೇರೆ ಹತ್ತಿರ. ಅವನು ಮೆಸೇಜಿಗೆ ರಿಪ್ಲೈ ಮಾಡಿರಲಿಲ್ಲ. ‘ಬಿಡು ಗುರು, ಕೇಳಿದಾರಲ್ಲ’ ಅಂತಿದ್ದ.

ಸಾರಿ ಎಲ್ಲಿ ಕೇಳ್ತೀವಿ ಅನ್ನೋದು ಸಣ್ಣ ವಿಷಯ ಅಲ್ಲ ಅಂತ ನಾನು ವಾದ ಮಾಡಿದೆ. ಕೊಮಗಾಟಾ ಮಾರು ನೆನಪಿದೆಯಾ? 1914ರಲ್ಲಿ ಪಂಜಾಬಿಗಳೇ ಹೆಚ್ಚಿದ್ದ ಆ ಹಡಗನ್ನು ಕೆನಡಾ ವಾಪಸ್ ಕಳಿಸಿತ್ತು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ರೆ ಊರಿನ ಪಾರ್ಕಿನಲ್ಲಿ, ಒಂದು ಮೇಳದ ವೇದಿಕೆ ಮೇಲೆ ಕ್ಷಮೆ ಕೇಳಿದರು. ಅಲ್ಲಿದ್ದ ಸಿಖ್ ಸಂಘಟನೆಯವರು ಆಗಲ್ಲ ಅಂದುಬಿಟ್ಟರು, ಪಾರ್ಲಿಮೆಂಟಿನಲ್ಲೇ ಕೇಳಬೇಕು ಅಂತ. 2016ರ ಮೇನಲ್ಲಿ ಜಸ್ಟಿನ್ ಟ್ರೂಡೊ ಪಾರ್ಲಿಮೆಂಟಿನಲ್ಲಿ ನಿಂತು ಕೇಳಿದರು. ಎಂಟು ವರ್ಷ ಪಟ್ಟು ಹಿಡಿದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಅವನು ಕ್ರಿಕೆಟ್ ಪ್ರಾಣಿ. ‘ಹಂಗಾದ್ರೆ ಸ್ಟೀವ್ ಸ್ಮಿತ್? 2018ರಲ್ಲಿ ಚೆಂಡು ಉಜ್ಜಿದ್ದು ಕೇಪ್‌ಟೌನಲ್ಲಿ, ಅತ್ತಿದ್ದು ಸಿಡ್ನಿ ಏರ್‌ಪೋರ್ಟಲ್ಲಿ’ ಅಂದ. ಸ್ಮಿತ್ ಅವತ್ತು ಸಂಜೆ ಕೇಪ್‌ಟೌನಲ್ಲೇ ಒಪ್ಪಿಕೊಂಡಿದ್ದ, ಕ್ಯಾಮೆರಾ ಮುಂದೆ ಅತ್ತ, ಒಂದು ವರ್ಷ ಮನೆಯಲ್ಲಿ ಕೂತ. ಸ್ಯಾಂಡ್‌ಪೇಪರ್ ಟಿವಿಯಲ್ಲಿ ಕಂಡಿತ್ತು, ಸಾರಿಯೂ ಟಿವಿಯಲ್ಲೇ ಬಂತು. ಲೆಕ್ಕ ಸರಿ ಇದೆ ಅಂದೆ. ಹಿರಿಯರಿಗೆ ಸ್ಮಿತ್ ಸಮಾಚಾರ ಬೇಕಿರಲಿಲ್ಲ. ‘ಆರ್‌ಸಿಬಿ ಈ ಸಲ ಹೆಂಗೈತಿ?’ ಅಂದರು. ಅಲ್ಲಿಂದ ಅರ್ಧ ಗಂಟೆ ಅದೇ ಆಯಿತು.

ಸೋಮವಾರ ಆಫೀಸಿಗೆ ಹೋದ ಮೇಲೆ ಹುಡುಗ ಕೊನೆಗೂ ರಿಪ್ಲೈ ಮಾಡಿದ: ‘ಥ್ಯಾಂಕ್ಸ್ ಸರ್. ಇದೇ ಎರಡು ಸಾಲು ಗ್ರೂಪಲ್ಲೂ ಹಾಕ್ತೀರಾ? ಅಲ್ಲಿರೋರಿಗೆ ಇನ್ನೂ ಗೊತ್ತಿಲ್ಲ.’ ನಾಲ್ಕು ದಿನ ಉತ್ತರ ಇಲ್ಲ. ಆಮೇಲೆ ಹಾಕಿದರು. ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಎಲ್ಲರೂ ಲಾಗೌಟ್ ಆದ ಮೇಲೆ.

ಹುಡುಗ ಅದನ್ನ ಪಿನ್ ಮಾಡಿದ್ದಾನೆ.