ಹೊಳಪಿನ ಲೆಕ್ಕ



ಸಂಘದ ಕಾರ್ಯಕ್ರಮಗಳಿಗೆ ನಾವು ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆವು. ಈಗ ನಿಮ್ಮಲ್ಲಿ ಹಲವರು ಸ್ವಂತ ದುಡಿಮೆಯ ಕಾರಿನಲ್ಲಿ ಬರುತ್ತೀರಿ. ನೋಡಿ ಸಂತೋಷವಾಗುತ್ತದೆ. ಆದರೆ ಹೊರಗೆ ಬಿಸಿಲಲ್ಲಿ ನಿಂತ ಆ ಕಾರುಗಳಲ್ಲಿ ನನಗೆ ಮೊದಲು ಕಾಣುವುದು ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಗೀರುಗಳು. ಮೂವತ್ತು ವರ್ಷಕ್ಕೂ ಮಿಕ್ಕಿ ಗ್ಯಾರೇಜಿನಲ್ಲಿ ಬಣ್ಣದ ಕೆಲಸ ಮಾಡಿದವನ ಕಣ್ಣು ಇನ್ನೇನನ್ನು ನೋಡೀತು!

ಆ ಗೀರುಗಳು ಬರುವುದು ಹೇಗೆಂದು ನಿಮಗೆ ಗೊತ್ತು. ಸೊಸೈಟಿಯಲ್ಲಿ ಬೆಳಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆ ಹಿಡಿದು ಹತ್ತು ಗಾಡಿ ಒರೆಸುತ್ತಾರಲ್ಲ, ಆ ಬಟ್ಟೆಯ ಧೂಳೇ ಗೀರು ಹಾಕುವುದು. ಮೊನ್ನೆ ನಿಮ್ಮಲ್ಲೊಬ್ಬ ಕೇಳಿದ: “ಅಂಕಲ್, ಪಾಲಿಷ್ ಮಾಡುವ ಮೆಷಿನ್ ತಗೊಳ್ಬೇಕು ಅಂತಿದ್ದೇನೆ. ಯಾವುದು ಒಳ್ಳೇದು?” ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಮಾವನ ಕಾರಿನ ಕತೆ ಹೇಳಬೇಕು.

ಉಡುಪಿಯ ಹತ್ತಿರದ ಹಳ್ಳಿಯಿಂದ ನಾನು ಮುಂಬಯಿಗೆ ಬಂದದ್ದು 1989ರಲ್ಲಿ. ಮಾವ ಫೋರ್ಟಿನ ಒಂದು ಆಫೀಸಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. “ನೀನು ಲೋಟ ತೊಳೆಯುವುದು ಬೇಡ, ಕೈಕೆಲಸ ಕಲಿ” ಎಂದು ಕುರ್ಲಾದ ಒಂದು ಗ್ಯಾರೇಜಿಗೆ ಸೇರಿಸಿದರು. ಅಲ್ಲಿದ್ದುದು ಒಂದೇ ಬಫಿಂಗ್ ಮೆಷಿನ್. ಇಂದು ನೀವು ರೋಟರಿ ಎನ್ನುವುದು ಅದನ್ನೇ. ಅದನ್ನು ಮುಟ್ಟಲು ಉಸ್ತಾದ್ ನನಗೆ ಎರಡು ವರ್ಷ ಬಿಡಲಿಲ್ಲ. ವಾಟರ್ ಪೇಪರ್ ಹಿಡಿದು ಉಜ್ಜುವುದೇ ಕೆಲಸ. ಕೊನೆಗೊಂದು ದಿನ ಮೆಷಿನ್ ಕೈಗೆ ಬಂದಾಗ ನನಗೆ ಪಟ್ಟಾಭಿಷೇಕವಾದಂತಾಯಿತು.

ಅದೇ ವರ್ಷ ಮಾವ ಕಡುನೀಲಿ ಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ಕೊಂಡರು. ಪ್ರತಿ ಚೌತಿಯ ಮೊದಲ ಭಾನುವಾರ ಅದನ್ನು ಗ್ಯಾರೇಜಿಗೆ ತಂದು ರಬ್ಬಿಂಗ್ ಪಾಲಿಷ್ ಮಾಡಿ ಕೊಡುವುದು ನನ್ನ ಸೇವೆ. ಉಣ್ಣೆಯ ಪ್ಯಾಡು ನೀಲಿಯಾಗುತ್ತಿತ್ತು. ಸತ್ತ ಬಣ್ಣ ಹೋಗುತ್ತಿದೆ ಎಂದು ನನಗೆ ಹೆಮ್ಮೆ. ಜೀವವಿರುವ ಬಣ್ಣವೂ ಅದರ ಜೊತೆಗೇ ಹೋಗುತ್ತಿದೆ ಎಂಬ ಯೋಚನೆ ಬರಲಿಲ್ಲ. 1996ರಲ್ಲಿ ಬಾನೆಟ್ಟಿನ ಏಣಿನ ಮೇಲೆ ಬೆರಳುದ್ದ ಪ್ರೈಮರ್ ಹೊರಗೆ ಇಣುಕಿತು.

ಮಾವ ನೋಡಿದರು. “ಇರ್ಲಿ ಬಿಡು ಮಾರಾಯ, ಬಣ್ಣ ಹೋದ್ರೆ ಗಾಡಿ ನಿಲ್ತದಾ?” ಎಂದರು, ಅಷ್ಟೇ. ಆದರೆ ಅಂದಿನಿಂದ ಅವರು ಕಾರಿನ ಮುಖವನ್ನು ಕಾಂಪೌಂಡ್ ಗೋಡೆಗೆ ಹಚ್ಚಿ ನಿಲ್ಲಿಸತೊಡಗಿದರು. ಯಾಕೆಂದು ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. “ನಿಮ್ಮ ಅಳಿಯ ಪೇಂಟರ್ ಅಲ್ಲವೇ?” ಎಂದು ಯಾರೂ ಕೇಳಬಾರದಿತ್ತು. ಹೊಸ ಬಣ್ಣ ಹೊಡೆದು ಕೊಡುತ್ತೇನೆ ಎನ್ನುತ್ತಲೇ ಇದ್ದೆ. ಊರವರ ಗಾಡಿಗಳಿಗೆಲ್ಲ ಹೊಡೆದೆ. 1999ರಲ್ಲಿ ಮಾವ ತೀರಿಕೊಂಡ ದಿನವೂ ಆ ಕಾರು ಗೋಡೆಗೆ ಮುಖ ಮಾಡಿಯೇ ನಿಂತಿತ್ತು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ಎಲ್ಲರೂ ಅವುಗಳ ಹಿಂದಿನ ವೈಭವ ನೆನೆದರು. ನನಗೆ ನೆನಪಾದದ್ದು ಆ ಬೆರಳುದ್ದದ ಪ್ರೈಮರ್.

ಆದ್ದರಿಂದ ಮಿತ್ರರೇ, ಮೊದಲ ಪಾಠ ಇದು: ಪಾಲಿಷ್ ಎಂದರೆ ಕೂಡಿಸುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ಗೀರಿನ ಸುತ್ತಲಿನ ಪದರವನ್ನು ಗೀರಿನ ಆಳದವರೆಗೆ ಸವೆಸಿದಾಗ ಗೀರು ಮಾಯವಾಗುತ್ತದೆ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ನಿಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಮೆಷಿನ್ ಕೊಳ್ಳುವಾಗ “ಎಷ್ಟು ಬೇಗ ಹೊಳಪು ತರುತ್ತದೆ?” ಎಂದು ಕೇಳಬೇಡಿ. “ನಾನು ತಪ್ಪಿದರೆ ಎಷ್ಟು ಕಿತ್ತುಕೊಳ್ಳುತ್ತದೆ?” ಎಂದು ಕೇಳಿ.

ರೋಟರಿಯಲ್ಲಿ ಪ್ಯಾಡು ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತದೆ. ವೇಗ ನಿಮಿಷಕ್ಕೆ ಸುಮಾರು 600ರಿಂದ 3000 ಸುತ್ತು. ನೀವು ಒತ್ತಿದರೂ ಅದು ತಿರುಗುತ್ತಲೇ ಇರುತ್ತದೆ. ಶಾಖ ಒಂದೆಡೆ ಸೇರುತ್ತದೆ. ಏಣು, ಅಂಚುಗಳಲ್ಲಿ ಒಂದೆರಡು ಕ್ಷಣ ಹೆಚ್ಚು ನಿಂತರೆ ಬಣ್ಣ ಸುಟ್ಟುಹೋದೀತು. ಆಳದ ಗೀರಿಗೆ, ಪಳಗಿದ ಕೈಗೆ ಅದು ಒಳ್ಳೆಯ ಆಳು. ಹೊಸಬರಿಗೆ ಮಾತ್ರ ಅದು ಹುಚ್ಚು ಕುದುರೆ.

ಎರಡನೆಯದು ಡ್ಯುಯಲ್ ಆ್ಯಕ್ಷನ್. ಇದರ ಪ್ಯಾಡು ತಿರುಗುತ್ತಲೇ ಸಣ್ಣ ವೃತ್ತದಲ್ಲಿ ಅಲುಗಾಡುತ್ತದೆ, ಬುಗುರಿ ತೂಗಾಡುತ್ತಾ ತಿರುಗಿದ ಹಾಗೆ. ಆ ಅಲುಗಾಟದ ಅಗಲ 8, 15, 21 ಮಿಲಿಮೀಟರ್ ಹೀಗೆ ಇರುತ್ತದೆ. ಇಟಲಿಯ ರುಪೆಸ್ ಕಂಪನಿಯ ಬಿಗ್‌ಫುಟ್ ಮೆಷಿನ್‌ಗಳಲ್ಲಿ 15 ಮತ್ತು 21ರವು ಹೆಸರುವಾಸಿ. 21ರದು ಅಗಲವಾದ ಬಾನೆಟ್ಟು, ಚಾವಣಿಗೆ ಅನುಕೂಲ. ನಮ್ಮ ಸಣ್ಣ ಕಾರುಗಳ ತಿರುವುಗಳಿಗೆ 15ರದು ಹೆಚ್ಚು ಹೊಂದುತ್ತದೆ. ಇದರ ದೊಡ್ಡ ಗುಣವೆಂದರೆ ಅತಿಯಾಗಿ ಒತ್ತಿದರೆ, ಓರೆ ಹಿಡಿದರೆ ತಿರುಗುವುದು ನಿಂತು ಬರೀ ಅಲುಗಾಟ ಉಳಿಯುತ್ತದೆ. ಪ್ಯಾಡಿನ ಹಿಂದಿನ ತಟ್ಟೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ತಿರುಗುತ್ತಿದೆಯೇ ಎಂದು ಕಣ್ಣಿಗೇ ತಿಳಿಯುತ್ತದೆ.

ಇವೆರಡರ ನಡುವಿನದು ಗೇರಿನ ಬಲದಿಂದ ಅಲುಗಾಡುತ್ತಾ ತಿರುಗುವ ಮೆಷಿನ್. ಜರ್ಮನಿಯ ಫ್ಲೆಕ್ಸ್ ಕಂಪನಿಯ 3401 ಇಂಥದ್ದು. ಇದು ಒತ್ತಿದರೂ ನಿಲ್ಲದು, ಹಾಗಾಗಿ ಕೈಗೆ ಸ್ವಲ್ಪ ಅಭ್ಯಾಸ ಬೇಕು. ಇನ್ನು ಕೆಲವರು ನಾಲ್ಕು ಇಂಚಿನ ಗ್ರೈಂಡರಿಗೇ ಸ್ಪಂಜು ಕಟ್ಟುತ್ತಾರೆ. ಅದರ ವೇಗ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಆಸುಪಾಸು. ದಯವಿಟ್ಟು ಆ ಸಾಹಸ ಬೇಡ.

ಕಳೆದ ವರ್ಷ ನನ್ನ ಮಗಳು ತನ್ನ ಸಂಬಳದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಪ್ಪು ಕಾರು ಕೊಂಡಳು. ಜೊತೆಗೆ 15 ಮಿಲಿಮೀಟರಿನ ಡ್ಯುಯಲ್ ಆ್ಯಕ್ಷನ್ ಮೆಷಿನ್ನೂ ಬಂತು. “ಇದು ಆಟದ ಸಾಮಾನು” ಎಂದು ನಕ್ಕೆ. “ಹಾಗಾದರೆ ಪಂದ್ಯವೇ ಆಗಲಿ ಅಪ್ಪ” ಎಂದಳು. ಭಾನುವಾರ ಕಾರು ತೊಳೆದು, ಅಂಚುಗಳಿಗೂ ಬಾನೆಟ್ಟಿನ ನಡುವೆಯೂ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ಎಡಕ್ಕೆ ನಾನು, ನನ್ನ ಹಳೆಯ ರೋಟರಿ, ಬಲಕ್ಕೆ ಅವಳು.

ನಾನು ಕಾಲು ಗಂಟೆಯಲ್ಲಿ ಮುಗಿಸಿದೆ. ಅವಳಿಗೆ ಒಂದು ಗಂಟೆ ಬೇಕಾಯಿತು. ಎರಡೆರಡು ಅಡಿಯ ಚೌಕ ಮಾಡಿಕೊಂಡು, ಅವಸರವಿಲ್ಲದೆ ಕೈಯಾಡಿಸಿದಳು. ನೆರಳಿನಲ್ಲಿ ನನ್ನ ಭಾಗವೇ ಹೆಚ್ಚು ಹೊಳೆಯುತ್ತಿತ್ತು. ಪಾಲಿಷಿನ ಎಣ್ಣೆ ಗೀರುಗಳನ್ನು ಮುಚ್ಚಿರುತ್ತದೆಂದು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಾರನ್ನು ಬಿಸಿಲಿಗೆ ತಳ್ಳಿದೆವು. ನನ್ನ ಭಾಗದಲ್ಲಿ ರೋಟರಿ ಬಿಟ್ಟ ಅಲೆಅಲೆಯ ಗೆರೆಗಳು. ಅವಳ ಭಾಗ ಕನ್ನಡಿ, ಒಂದು ಆಳದ ಗೀರನ್ನು ಬಿಟ್ಟು. ನನ್ನ ಗೆರೆಗಳನ್ನು ಮೆತ್ತನೆಯ ಸ್ಪಂಜಿನ ಪ್ಯಾಡಿನಿಂದ ತೆಗೆದೆ, ನಿಜ. ಆದರೆ ಅದಕ್ಕಾಗಿ ಇನ್ನೊಂದು ಸಲ ಕಳೆಯಬೇಕಾಯಿತಲ್ಲ!

“ಅಪ್ಪ, ಆ ಒಂದು ಗೀರು ಉಳಿಯಿತು. ನಿಮ್ಮ ಮೆಷಿನ್ನಿನಲ್ಲಿ ಹೋಗುತ್ತದಾ?” ಎಂದು ಕೇಳಿದಳು. ಉಗುರಾಡಿಸಿ ನೋಡಿದೆ. ಉಗುರು ಸಿಕ್ಕಿಕೊಂಡಿತು.

“ಹೋಗುತ್ತದೆ. ಆದರೆ ಬೇಡ” ಎಂದೆ.

ಕೊಳ್ಳುವುದಾದರೆ ಡ್ಯುಯಲ್ ಆ್ಯಕ್ಷನ್ ಕೊಳ್ಳಿ. ಮೊದಲು ಒಂದು ಸಣ್ಣ ಜಾಗದಲ್ಲಿ, ಅತಿ ಮೆದು ಪ್ಯಾಡು, ಅತಿ ನಯವಾದ ಪಾಲಿಷಿನಿಂದ ಪರೀಕ್ಷೆ ಮಾಡಿ. ಅಷ್ಟರಲ್ಲೇ ಆದರೆ ಮುಂದೆ ಹೋಗಬೇಡಿ. ವರ್ಷವರ್ಷವೂ ಪಾಲಿಷ್ ಮಾಡುವ ಬದಲು ಸರಿಯಾಗಿ ತೊಳೆಯುವುದನ್ನು ಕಲಿಯಿರಿ. ಯಾರ ಕಾರಿನ ಮೇಲಾದರೂ ನಿಮ್ಮ ಕೈ ತಪ್ಪಿದರೆ, ಅವರು “ಇರ್ಲಿ ಬಿಡು” ಎಂದರೂ ಸುಮ್ಮನಿರದೆ ಅದೇ ವಾರ ಸರಿಮಾಡಿ ಕೊಡಿ.

ಮಗಳ ಕಾರಿನಲ್ಲಿ ಆ ಗೀರು ಇನ್ನೂ ಇದೆ. ಅವಳು ಕಾರನ್ನು ರಸ್ತೆಗೆ ಮುಖ ಮಾಡಿಯೇ ನಿಲ್ಲಿಸುತ್ತಾಳೆ.