ಬಲಶಾಲಿ ಕುಲದ ಬೆಲೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗ ಊರಿಗೆ ಬರುವಾಗ ಹಳೆ ಪುಸ್ತಕದಂಗಡಿಯಿಂದ ಮೂರು ದಪ್ಪ ಪುಸ್ತಕ ತಂದಿದ್ದ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ 2003ರ ಆವೃತ್ತಿ. ಈ ಆಟಕ್ಕೆ ಮೊಬೈಲ್ ಬೇಡ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಮ್ಮೂರಲ್ಲಿ ಅಂಥ ದಾಳ ಎಲ್ಲಿ ಸಿಗಬೇಕು? 1ರಿಂದ 20ರವರೆಗೆ ಚೀಟಿ ಬರೆದು ಹಾರ್ಲಿಕ್ಸ್ ಡಬ್ಬಿಗೆ ಹಾಕಿದೆವು. ಉಮ್ಮ ಇಣುಕಿ ನೋಡಿ, “ಏನಿದು, ಚೀಟಿ ಫಂಡಾ?” ಎಂದು ನಕ್ಕರು.

ಪಾತ್ರಕ್ಕೆ ಮೊದಲು ಒಂದು ಕುಲ ಆರಿಸಬೇಕು. ನನ್ನ ಇಬ್ಬರು ಗೆಳೆಯರು ಸುಮ್ಮನೆ ಮನುಷ್ಯರನ್ನೇ ಆರಿಸಿದರು. ಒಬ್ಬ ಕತ್ತಿ ಹಿಡಿದ ಫೈಟರ್, ಇನ್ನೊಬ್ಬ ಮಂತ್ರದಿಂದ ಗಾಯ ಮಾಯಿಸುವ ಕ್ಲೆರಿಕ್. ನಾನು ಮಾತ್ರ ಪುಟ ತಿರುವಿ ತಿರುವಿ ‘ಡ್ರೌ’ ಹುಡುಕಿದೆ. ಇವರು ನೆಲದಡಿಯ ಕತ್ತಲಲ್ಲಿ ವಾಸಿಸುವ ಎಲ್ಫ್‌ಗಳು. ಕತ್ತಲಲ್ಲಿ 120 ಅಡಿ ದೂರ ಕಾಣುತ್ತದೆ. ಚುರುಕುತನ, ಬುದ್ಧಿ, ವ್ಯಕ್ತಿತ್ವ ಮೂರಕ್ಕೂ ಎರಡೆರಡು ಅಂಕ ಹೆಚ್ಚು. ಎಲ್ಲಕ್ಕಿಂತ ಮೇಲಾಗಿ ಮಂತ್ರ ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಮನುಷ್ಯನಾಗಿ ಆಡಲು ಇವರಿಗೇನು ಹುಚ್ಚೇ ಎಂದುಕೊಂಡೆ.

“ಕೆಳಗಿನ ಸಾಲನ್ನೂ ಓದು” ಎಂದ ಅಣ್ಣ. ಡ್ರೌ ಆಗಿ ಹುಟ್ಟುವುದಕ್ಕೇ ಎರಡು ಹಂತದ ಬೆಲೆ. ಅವರಿಬ್ಬರೂ ಮೂರನೇ ಹಂತದಿಂದ ಆಟ ಶುರು ಮಾಡಿದರೆ, ಮಂತ್ರವಾದಿಯಾದ ನಾನು ಒಂದನೇ ಹಂತದವನು. ಸಾಲದ್ದಕ್ಕೆ ಮೈಯ ತಾಳಿಕೆಯಲ್ಲಿ ಎರಡು ಅಂಕ ಕಡಿತ. ಫೈಟರ್‌ಗೆ 28 ಹಿಟ್ ಪಾಯಿಂಟ್ ಇದ್ದರೆ ನನಗೆ ಬರೀ 3. ಮುಂದೆ ಸರಿಹೋಗುತ್ತದೆ ಎಂದುಕೊಂಡೆ. ಲೆಕ್ಕ ಹಾಕಿದಾಗ ಅದೂ ಸುಳ್ಳಾಯಿತು. ಬೆಂಕಿಯುಂಡೆ ಎಸೆಯುವ ಮಂತ್ರ ಮನುಷ್ಯ ಮಂತ್ರವಾದಿಗೆ 10,000 ಅನುಭವ ಅಂಕಕ್ಕೆ ಸಿಗುತ್ತದೆ. ನನಗೆ 21,000 ಬೇಕು.

ಆದರೂ ಹಟ ಬಿಡಲಿಲ್ಲ. ಗುಹೆಯೊಳಗೆ ನಾನೇ ರಾಜ, ಗೆಳೆಯರಿಗೆ ಕತ್ತಲಲ್ಲಿ ದಾರಿ ತೋರಿಸಿದೆ. ಗುಹೆಯ ಬಾಯಿಗೆ ಬಂದಾಗ ಎದುರಿಗೆ ಮಟಮಟ ಮಧ್ಯಾಹ್ನದ ಬಿಸಿಲು. ಥಟ್ಟನೆ ಬೆಳಕಿಗೆ ಬಿದ್ದ ಡ್ರೌಗೆ ಒಂದು ಸುತ್ತು ಕಣ್ಣೇ ಕಾಣದು. ಅಲ್ಲಿ ಕಾದು ನಿಂತಿದ್ದ ಓರ್ಕ್‌ನ ಕತ್ತಿಯ ಒಂದೇ ಏಟಿಗೆ ಹತ್ತು ಪಾಯಿಂಟ್ ಹೋಯಿತು. ಮೂರಿದ್ದದ್ದು ಮೈನಸ್ ಏಳಾಯಿತು. ಪ್ರಜ್ಞೆ ತಪ್ಪಿತು. ಸುತ್ತಿಗೊಂದರಂತೆ ಇಳಿದು ಮೈನಸ್ ಹತ್ತು ಮುಟ್ಟಿದರೆ ಸಾವು.

ಕ್ಲೆರಿಕ್ ಗೆಳೆಯ ಓಡಿ ಬಂದ. ಗಾಯ ಮಾಯಿಸುವ ಮಂತ್ರ ಅವನಲ್ಲಿ ಎರಡೇ ಉಳಿದಿತ್ತು. ಆಗ ಅಣ್ಣ ಮೆಲ್ಲಗೆ ಹೇಳಿದ: “ಅವನ ಮೈ ಮಂತ್ರವನ್ನು ತಡೆಯುತ್ತದಲ್ಲ? ಅದು ಶತ್ರುವಿನ ಮಂತ್ರ, ಮಿತ್ರನ ಮಂತ್ರ ಎಂದು ನೋಡುವುದಿಲ್ಲ.” ನನ್ನ ತಡೆ 12. ಗೆಳೆಯನ ಹಂತ ಮೂರು, ಹಾಗಾಗಿ ಅವನು ತೆಗೆಯುವ ಚೀಟಿಯಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಮೊದಲ ಚೀಟಿ 6. ಎರಡನೆಯದು 8. ನಾನು ಸತ್ತೆ. ಗೆಳೆಯ ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಬಲವಾದ ಕುಲಕ್ಕೆ ಎಷ್ಟು ಬೆಲೆ ಹಾಕಬೇಕೆಂಬ ಪ್ರಶ್ನೆ ಈ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ನಿಯಮಗಳಲ್ಲಿ ಡ್ವಾರ್ಫ್ ಯೋಧ ಆರನೇ ಹಂತಕ್ಕೆ ನಿಲ್ಲಬೇಕಿತ್ತು, ಮನುಷ್ಯನಿಗೆ ಅಂಥ ಮಿತಿ ಇರಲಿಲ್ಲ. ಅಂದರೆ ಬೆಲೆಯನ್ನು ಕೊನೆಯಲ್ಲಿ ವಸೂಲಿ ಮಾಡುತ್ತಿದ್ದರು. ನಮ್ಮ 2003ರ ಪುಸ್ತಕ ಮೊದಲೇ ವಸೂಲಿ ಮಾಡುತ್ತದೆ. 2014ರ ಆವೃತ್ತಿಯಲ್ಲಿ ಡ್ರೌಗೆ ಬಿಸಿಲಿನ ತೊಂದರೆಯಷ್ಟೇ ಉಳಿಯಿತು. 2024ರಲ್ಲಿ ಅದನ್ನೂ ತೆಗೆದರು.

ಪೂರ್ತಿ ತೆಗೆದದ್ದು ನನಗೆ ಅಷ್ಟು ಇಷ್ಟವಾಗಲಿಲ್ಲ. ಕೊರತೆ ಇದ್ದರೇ ಕಥೆ. ಆದರೆ ಎಲ್ಲ ಕೊರತೆಯೂ ಒಂದೇ ಅಲ್ಲ. ಬಿಸಿಲಲ್ಲಿ ಕಣ್ಣು ಕಾಣದಿದ್ದರೆ ಗೆಳೆಯ ಕೈ ಹಿಡಿದು ನಡೆಸಬಹುದು. ಮೂರೇ ಪಾಯಿಂಟ್ ಇದ್ದರೆ ಫೈಟರ್ ಮುಂದೆ ನಿಲ್ಲಬಹುದು. ಇಂಥ ಕೊರತೆಗೆ ಬದಲಾಗಿ ಬಲ ಸಿಗುವುದಾದರೆ ತೆಗೆದುಕೊಳ್ಳಿ, ನಷ್ಟವಿಲ್ಲ. ಗೆಳೆಯನ ಸಹಾಯವೇ ಒಳಗೆ ಬರದಂತೆ ಮಾಡುವ ಬಲ ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿ.

ಇದು ನನಗೆ ಪೂರ್ತಿ ಅರ್ಥವಾದದ್ದು ಪ್ರಥಮ ಪಿಯುಸಿಯಲ್ಲಿ. ಕನ್ನಡ ಮಾಧ್ಯಮದ ಶಾಲೆಗೆ ನಾನೇ ಮೊದಲಿಗ. ಇಲ್ಲಿ ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ 40ಕ್ಕೆ 9 ಬಂತು. ಪಕ್ಕದ ಬೆಂಚಿನವನು ನೋಟ್ಸ್ ಕೊಡಲು ಬಂದರೆ “ಬೇಡ, ನನಗೆ ಗೊತ್ತು” ಎಂದೆ. ಮನೆಯಲ್ಲಿ ಅಂಕ ಹೇಳಲಿಲ್ಲ. ಒಂದು ರಾತ್ರಿ ಆ 8ರ ಚೀಟಿ ನೆನಪಾಯಿತು. ಅದರ ಜೊತೆಗೆ ಅಂದು ಅಣ್ಣ ಕೊನೆಯಲ್ಲಿ ಓದಿ ಹೇಳಿದ ನಿಯಮವೂ: ಆ ತಡೆಯನ್ನು ಡ್ರೌ ತಾನಾಗಿಯೇ ತಗ್ಗಿಸಬಹುದು. ಅದಕ್ಕೆ ತನ್ನ ಒಂದು ಸರದಿ ಬಿಟ್ಟುಕೊಡಬೇಕು. ಪ್ರಜ್ಞೆ ಇರುವಾಗಲೇ ಅದನ್ನು ಮಾಡಬೇಕು, ಬಿದ್ದ ಮೇಲೆ ಆಗದು.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ಮೊದಲ ಪಾಠದಿಂದಲೇ ಅರ್ಥವಾಗಿಲ್ಲ” ಎಂದೆ. “ಈಗಲಾದರೂ ಬಂದೆಯಲ್ಲ, ಕೂತುಕೋ” ಎಂದರು ಸರ್. ಮುಂದಿನ ಪರೀಕ್ಷೆಯಲ್ಲಿ 23 ಬಂತು. ಪವಾಡವೇನೂ ಅಲ್ಲ, ಆದರೆ ಬದುಕಿಕೊಂಡೆ.

ಬರುವ ರಜೆಯಲ್ಲಿ ಹಾರ್ಲಿಕ್ಸ್ ಡಬ್ಬಿ ಮತ್ತೆ ಹೊರಗೆ ಬರಲಿದೆ. ಈ ಸಲ ನಾನು ಮನುಷ್ಯ. ಆ ಪುಸ್ತಕದಲ್ಲಿ ಮನುಷ್ಯನಿಗೆ ಒಂದು ಹೆಚ್ಚಿನ ಫೀಟ್, ಒಂದಿಷ್ಟು ಹೆಚ್ಚಿನ ಕೌಶಲ ಅಂಕ ಬಿಟ್ಟರೆ ದೊಡ್ಡದೇನೂ ಇಲ್ಲ. ಆದರೆ ಗೆಳೆಯನ ಮಂತ್ರ ಚೀಟಿ ಎತ್ತದೆಯೇ ಮುಟ್ಟುತ್ತದೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ