ಬರದ ಸೀಮೆಗೆ ಬಂದ ದೋಣಿ

ನರಗುಂದ, ರೋಣ, ಗಜೇಂದ್ರಗಡ ಎಂದೊಡನೆ ಎರೆಹೊಲ, ಬಿಳಿಜೋಳ, ಕಡಲೆ ಮತ್ತು ಬೀಸುವ ಗಾಳಿ ಕಣ್ಣ ಮುಂದೆ ಬರುತ್ತವೆ. ದೋಣಿ ಯಾರ ನೆನಪಿಗೂ ಬಾರದು. ಆದರೆ 2019ರ ಆಗಸ್ಟ್‌ನಲ್ಲಿ ಗದಗ ಜಿಲ್ಲೆಯ ಈ ಸೀಮೆಗೆ ದೋಣಿಯೇ ಬರಬೇಕಾಯಿತು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ದಾಟಿ ಬರುತ್ತಾಳೆ. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರುಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಬೇಸಿಗೆಯಲ್ಲಿ ಮರಳೇ ಹೆಚ್ಚಾಗಿ ಕಾಣುವ ಈ ಹೊಳೆ ಆ ವರ್ಷ ಉಕ್ಕಿತು. ಕೊಣ್ಣೂರಿನ ಬಳಿ ಹೆದ್ದಾರಿಯೇ ಮುಳುಗಿತು. ನೀರು ಸುತ್ತುವರಿದ ಹಳ್ಳಿಗಳ ಜನರನ್ನು ದೋಣಿಗಳಲ್ಲಿ ಕರೆತರಲಾಯಿತು.

ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್ನಿಗೆ ‘ಔಟ್‌ಬೋರ್ಡ್’ ಎಂಜಿನ್ ಎನ್ನುತ್ತಾರೆ. ಅದು ದೊಡ್ಡದಾದಷ್ಟೂ ದೋಣಿಯ ವೇಗ ಹೆಚ್ಚುವುದೆ? ಪಂಪ್‌ಸೆಟ್ ಕೊಳ್ಳುವ ರೈತನನ್ನು ಕೇಳಿನೋಡಿ. ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು, ಎಷ್ಟು ನೀರು ಬೇಕು ಎಂಬುದನ್ನು ನೋಡಿಯೇ ಆತ ಎಚ್.ಪಿ. ಗೊತ್ತುಮಾಡುತ್ತಾನೆ. ದೋಣಿಯ ಲೆಕ್ಕವೂ ಹಾಗೆಯೇ.

ಸಣ್ಣ ಹಾಯಿದೋಣಿಯನ್ನು ತೆಗೆದುಕೊಳ್ಳಿ. ಅದರ ಒಡಲು ನೀರನ್ನು ಸೀಳಿಕೊಂಡು ಸಾಗುತ್ತದೆ. ನೀರಿಗೆ ತಾಗುವ ಭಾಗದ ಉದ್ದವೇ ಅದರ ವೇಗಕ್ಕೆ ಮಿತಿ ಹಾಕುತ್ತದೆ. ಈ ಉದ್ದ 20 ಅಡಿ ಇದ್ದರೆ ಗಂಟೆಗೆ ಸುಮಾರು 11 ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದು ಕಷ್ಟ. ಒಂದು ಟನ್ ತೂಕಕ್ಕೆ ಸುಮಾರು 4 ಅಶ್ವಶಕ್ತಿ ಎಂಬುದು ನಾವಿಕರ ಸ್ಥೂಲ ಲೆಕ್ಕ. ಒಂದೂವರೆ ಟನ್ ದೋಣಿಗೆ 6 ಅಶ್ವಶಕ್ತಿ ಸಾಕು. ಅಲ್ಲಿ 20 ಅಶ್ವಶಕ್ತಿಯದನ್ನು ಕೂಡಿಸಿದರೆ ಹಿಂಬದಿ ಭಾರವಾಗಿ ಕುಸಿಯುತ್ತದೆ, ಇಂಧನ ಸುಡುತ್ತದೆ, ವೇಗ ಅಷ್ಟಾಗಿ ಏರದು. ಗಾಳಿ ತುಂಬಿದ ರಬ್ಬರ್ ದೋಣಿಯ ಮಾತು ಬೇರೆ. ಅದು ಹಗುರ, ಶಕ್ತಿ ಸಾಕಷ್ಟಿದ್ದರೆ ನೀರಿನ ಮೇಲೆದ್ದು ಜಾರುತ್ತದೆ. ಆದ್ದರಿಂದ ಅದಕ್ಕೆ ಗಾತ್ರಕ್ಕೆ ಮೀರಿದ ಎಂಜಿನ್ ಒಪ್ಪುತ್ತದೆ.

ಹಾಗೆಂದು ತೀರಾ ಚಿಕ್ಕದನ್ನು ಆರಿಸುವಂತೆಯೂ ಇಲ್ಲ. ತೇಲುವ ಎಲೆಯೊಂದು 10 ಸೆಕೆಂಡಿನಲ್ಲಿ 20 ಮೀಟರ್ ಸಾಗಿದರೆ ಹೊಳೆಯ ಸೆಳವು ಗಂಟೆಗೆ 7.2 ಕಿಲೋಮೀಟರ್. ಎದುರು ಹೊರಟ ನಮ್ಮ ಹಾಯಿದೋಣಿಗೆ ಉಳಿಯುವುದು 3.8 ಮಾತ್ರ. ಸೆಳವು 11 ದಾಟಿದರೆ ಎಂಜಿನ್ ಗರ್ಜಿಸುತ್ತಿದ್ದರೂ ದೋಣಿ ಹಿಂದಕ್ಕೇ ಸರಿಯುತ್ತದೆ. ನೆರೆಯಲ್ಲಿ ಅದರೊಳಗೆ ಒಂದು ಮನೆಯ ಮಂದಿಯೇ ಕುಳಿತಿರಬಹುದು.

ಗಜೇಂದ್ರಗಡದ ಬಳಿ ಮಲಪ್ರಭೆಯಿಲ್ಲ; ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಅವನ್ನು ತಿರುಗಿಸುವ ಗಾಳಿಯಂಥದೇ ಹಾಯಿಯನ್ನೂ ಉಬ್ಬಿಸುತ್ತದೆ. ಗಾಳಿ ನಿಂತಾಗ, ದಡ ಸೇರುವಾಗಷ್ಟೇ ಹಾಯಿದೋಣಿಗೆ ಎಂಜಿನ್ ಬೇಕು.

ವಿದ್ಯಾರ್ಥಿಗಳೇ, ಹೊಳೆ ಶಾಂತವಾಗಿರುವಾಗ ಅಪ್ಪನನ್ನೋ ಅವ್ವನನ್ನೋ ಜೊತೆಗೆ ಕರೆದುಕೊಂಡು ದಡಕ್ಕೆ ಹೋಗಿ. ನೀರಿಗಿಳಿಯದೆ ಒಂದು ಎಲೆ ತೇಲಿಬಿಡಿ, ಗಡಿಯಾರ ನೋಡಿ ಸೆಳವನ್ನು ಅಳೆಯಿರಿ. ಎಂಜಿನ್ನಿನ ಲೆಕ್ಕ ಅಲ್ಲಿಂದಲೇ ಶುರು.